ಎಣ್ಣೆ ಎಲ್ಲಿ ಹೋಯಿತು?

(ಡೊಂಬಿವಲಿಯಲ್ಲಿ ನಡೆದ ನಮ್ಮ ಸಂಘದ ತಿಂಗಳ ಸಭೆಯಲ್ಲಿ ಸಂಘಟಕರೊಬ್ಬರು ಮಾಡಿದ ಭಾಷಣ. ರಾತ್ರಿ ಪಾಳಿಯ ಕಾರಣ ಸಭೆಗೆ ಬರಲಾಗದ ಬಂಧುಗಳ ಕೋರಿಕೆಯಂತೆ ಇಲ್ಲಿ ಕೊಟ್ಟಿದೆ.)



ನಾನು ಮಾತುಗಾರನಲ್ಲ. ಏಳನೆಯ ಇಯತ್ತೆ ಮುಗಿಸಿ, ಕುಂದಾಪುರದ ಕಡೆಯಿಂದ ಬಸ್ಸು ಹತ್ತಿ ಬಂದು, ಥಾಣೆ ಸ್ಟೇಷನ್ ಹತ್ತಿರದ ಒಂದು ಹೋಟೆಲಿನ ಮೋರಿಯಲ್ಲಿ ಕಪ್ಪು ಬಶಿ ತೊಳೆಯಲು ನಿಂತವನು. ಅಲ್ಲಿಂದ ಟೇಬಲ್ ಒರೆಸುವ ಕ್ಲೀನರ್, ಆಮೇಲೆ ಸಪ್ಲಾಯರ್, ಆಮೇಲೆ ಗಲ್ಲಾದ ಪಕ್ಕದಲ್ಲಿ ನಿಂತು ಬಿಲ್ಲು ಹೇಳುವವನು. ಹೀಗೆ ಮೆಟ್ಟಿಲು ಹತ್ತಿದ್ದು. ಇವತ್ತು ಸಂಘದ ಕೆಲಸ ಮಾಡುತ್ತಿದ್ದೇನೆ. ಹೋದ ಸಭೆಯಲ್ಲಿ ಅಧ್ಯಕ್ಷರು, “ಮುಂದಿನ ತಿಂಗಳು ನೀನೇ ಏನಾದರೂ ಮಾತಾಡು” ಎಂದು ಅಪ್ಪಣೆ ಮಾಡಿದರು. ದೊಡ್ಡ ವಿಷಯ ನನಗೆ ಬಾರದು. ಆದಕಾರಣ ನನ್ನ ಕೈಗೆ ಮಸಿ ಹತ್ತಿಸಿದ ಒಂದು ವಿಷಯವನ್ನೇ ಹೇಳುತ್ತೇನೆ: ಹಳೆಯ ಗಾಡಿಯ ಇಂಜಿನಿನಿಂದ ಎಣ್ಣೆ ಸೋರುವ ವಿಷಯ. ಇದರಲ್ಲಿ ನಗುವುದಕ್ಕೆ ಏನೂ ಇಲ್ಲ. ಈ ಸೋರಿಕೆಯಿಂದ ನಮ್ಮ ಒಬ್ಬ ಹುಡುಗನ ಮಾನ ಹೋಯಿತು. ಅದನ್ನು ತೆಗೆದವರು ಹೊರಗಿನವರಲ್ಲ. ನಾವೇ. ಅದರಲ್ಲಿ ಮುಂದೆ ನಿಂತವನು ನಾನೇ.

2020ನೆಯ ಇಸವಿ ಮಾರ್ಚ್ 25ಕ್ಕೆ ದೇಶವೆಲ್ಲ ಬಂದ್ ಆದದ್ದು ನಿಮಗೆ ನೆನಪಿದೆ. ಹೋಟೆಲಿನ ಶಟರು ಇಳಿಯಿತು. ಕೆಲವರು ಊರಿಗೆ ಹೋದರು, ಕೆಲವರು ಖೋಲಿಯಲ್ಲೇ ಉಳಿದರು. ಶಟರು ಮತ್ತೆ ಏಳುವಷ್ಟರಲ್ಲಿ ಎಷ್ಟೋ ಹೋಟೆಲುಗಳ ಬೋರ್ಡೇ ಬದಲಾಗಿತ್ತು. ಹಾಗೆ ಕೆಲಸ ಕಳಕೊಂಡ ನಾವು ಏಳು ಜನ ಸೇರಿ, ತಲೆಗೆ ಇಪ್ಪತ್ತೈದು ಸಾವಿರದಂತೆ ಹಾಕಿ, ಡೊಂಬಿವಲಿ ಎಂ.ಐ.ಡಿ.ಸಿ. ಬದಿಯಲ್ಲಿ ಒಂದು ಗಾಳಾ ಬಾಡಿಗೆಗೆ ಹಿಡಿದು ಡಬ್ಬಾ ಅಡಿಗೆ ಸುರು ಮಾಡಿದೆವು. ಸೇಠನೂ ನಾವೇ, ಭಟ್ಟನೂ ನಾವೇ, ಮೋರಿಯವನೂ ನಾವೇ. ನವಿ ಮುಂಬಯಿಯ ಮಹಾಪೆ ಕಡೆಯ ಕಂಪನಿಗಳಿಂದ ನೂರಿಪ್ಪತ್ತು ಡಬ್ಬದ ಆರ್ಡರು ಸಿಕ್ಕಿತು. ಅಷ್ಟು ಡಬ್ಬ ಲೋಕಲ್ ಗಾಡಿಯಲ್ಲಿ ಹೊರಲಾಗದು. 2021ರ ಜನವರಿಯಲ್ಲಿ ಕಲ್ಯಾಣಿನ ಒಂದು ಬಿಲ್ಡಿಂಗಿನ ಅಂಗಳದಲ್ಲಿ ನಿಂತಿದ್ದ ಹಳೆಯ ಕಾರ್ಬ್ಯುರೇಟರಿನ ಮಾರುತಿ ಓಮ್ನಿಯನ್ನು ತೆಗೆದುಕೊಂಡೆವು. ಮೊದಲಿನವರು ಲಾಕ್‌ಡೌನಿನಿಂದ ಈಚೆಗೆ ಅದನ್ನು ಚಾಲೂ ಮಾಡಿದ್ದೇ ಇಲ್ಲ. ಒಂಬತ್ತು ಹತ್ತು ತಿಂಗಳು ಬಿಸಿಲು ಮಳೆಗೆ ನಿಂತ ಗಾಡಿ. ಈ ಮಾತನ್ನು ನೆನಪಿನಲ್ಲಿ ಇಡಿರಿ, ಮುಂದೆ ಬೇಕಾಗುತ್ತದೆ.

ಗಾಡಿ ಓಡಿಸಲು ಬೈಂದೂರು ಕಡೆಯ ಒಬ್ಬ ಹುಡುಗನನ್ನು ಪಗಾರಕ್ಕೆ ಇಟ್ಟೆವು. ಹತ್ತೊಂಬತ್ತರ ವಯಸ್ಸು, ಲೈಸೆನ್ಸು ಇತ್ತು, ಬಾಯಿ ಕಡಿಮೆ. ಬೆಳಿಗ್ಗೆ ಹತ್ತಕ್ಕೆ ಡಬ್ಬ ತುಂಬಿಸಿ, ಕಲ್ಯಾಣ್-ಶಿಳ್ ರಸ್ತೆ ಹಿಡಿದು, ಶಿಳ್ ಫಾಟಾ ದಾಟಿ, ಏರು ಹತ್ತಿ ಇಳಿದು ಮಹಾಪೆಗೆ ಹೋಗಿ ಬರುವುದು ಅವನ ಕೆಲಸ.

ಮಾರ್ಚ್ ತಿಂಗಳಿಂದ ಇಂಜಿನ್ ಎಣ್ಣೆ ಕಡಿಮೆಯಾಗತೊಡಗಿತು. ಆ ಇಂಜಿನು ಹಿಡಿಯುವುದೇ ಸುಮಾರು ಮೂರು ಲೀಟರು. ಅದರಲ್ಲಿ ವಾರಕ್ಕೆ ಅರ್ಧ ಲೀಟರು ಮಾಯವಾದರೆ ಏನು ಹೇಳುವುದು? ಹುಡುಗ ಪ್ರತಿ ವಾರ ಎಣ್ಣೆಯ ಬಿಲ್ಲು ತಂದು ಕೊಡುವನು. ಗಾಡಿ ನಿಲ್ಲುವ ಜಾಗದಲ್ಲಿ ನೋಡಿದರೆ ಎರಡು ಮೂರು ಹನಿ, ಅಷ್ಟೇ. ಸೈಲೆನ್ಸರಿನಲ್ಲಿ ನೀಲಿ ಹೊಗೆಯೂ ಇಲ್ಲ. ಹಾಗಾದರೆ ಎಣ್ಣೆ ಎಲ್ಲಿ ಹೋಯಿತು? ನಮ್ಮಲ್ಲೊಬ್ಬರು, “ಎಣ್ಣೆ ಡಬ್ಬಿಯಿಂದ ಇಂಜಿನಿಗೆ ಹೋದರಲ್ಲವೇ ಇಂಜಿನಿನಿಂದ ಸೋರುವುದು?” ಎಂದರು. ಎಲ್ಲರೂ ನಕ್ಕೆವು. ಆ ನಗೆಯಲ್ಲೇ ತೀರ್ಮಾನವಾಗಿ ಹೋಯಿತು.

ಜೂನ್ ತಿಂಗಳಲ್ಲಿ ಸಭೆ ಕರೆದೆವು. ಹುಡುಗನನ್ನು ನಿಲ್ಲಿಸಿ ಕೇಳಿದೆವು. ಅವನು ಹೇಳಿದ್ದು ಎರಡೇ ಮಾತು: “ಅಣ್ಣಾ, ನಾನ್ ಕದ್ದದ್ದಲ್ಲ. ಹಾಕಿದ್ದೇ ಹೌದ್. ಎಲ್ಲಿಗ್ ಹೋತಿತ್ ಅಂದೇಳಿ ನಂಗೊತ್ತಿಲ್ಲೆ.” ಗೊತ್ತಿಲ್ಲ ಎಂಬುದನ್ನೇ ನಾವು ತಪ್ಪೊಪ್ಪಿಗೆ ಎಂದು ಹಿಡಿದೆವು. ಹದಿನೈದು ದಿನದ ಪಗಾರ ಮುರಿದು, ಸಭೆಯ ಪುಸ್ತಕದಲ್ಲಿ “ಎಣ್ಣೆಯ ಹಣದಲ್ಲಿ ಅವ್ಯವಹಾರ” ಎಂದು ಬರೆದು, ಕೀಲಿ ವಾಪಸು ಪಡೆದೆವು. ಬರೆದ ಅಕ್ಷರ ನನ್ನದು. ಹುಡುಗ ಚೀಲ ಹೆಗಲಿಗೆ ಹಾಕಿ ವಾಶಿಯ ಒಂದು ಹೋಟೆಲಿಗೆ ಹೋದ.

ಮರುವಾರದಿಂದ ಗಾಡಿಯನ್ನು ನಾನೇ ಓಡಿಸಿದೆ. ಎಣ್ಣೆಯನ್ನು ನನ್ನ ಕೈಯಾರೆ ಹೊಯ್ದೆ. ಎಂಟು ದಿನಕ್ಕೆ ಕಡ್ಡಿ ಎಳೆದು ನೋಡಿದರೆ ಅರ್ಧ ಲೀಟರು ಇಲ್ಲ!

ಬಂಧುಗಳೇ, ಆ ಹೊತ್ತಿಗೆ ನನ್ನ ಮುಖ ಹೇಗಿತ್ತೋ ನಾನು ಹೇಳಲಾರೆ.

ಸುಮ್ಮನೆ ಒಪ್ಪಿಕೊಳ್ಳುವ ಬುದ್ಧಿ ಆಗಲೂ ಬರಲಿಲ್ಲ. ಮೊದಲು ಗಾಡಿ ಸರಿಮಾಡಿಸೋಣ ಎಂದು ಒಂದು ಗ್ಯಾರೇಜಿಗೆ ಒಯ್ದೆವು. ಮಿಸ್ತ್ರಿ ಗಾಡಿಯ ಅಡಿಗೆ ಮಲಗಿ ನೋಡಿದ. ಇಂಜಿನೂ ಗಿಯರ್ ಬಾಕ್ಸೂ ಕೂಡುವ ಜಾಗ ಎಣ್ಣೆಯಿಂದ ಒದ್ದೆ. “ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಹೋಗಿದೆ” ಎಂದ. ಗಿಯರ್ ಬಾಕ್ಸು ಇಳಿಸಿ, ಸೀಲು ಬದಲಿಸಿ, ನಾಲ್ಕೂವರೆ ಸಾವಿರ ತೆಗೆದುಕೊಂಡ. ವಾರದಲ್ಲಿ ಮತ್ತೆ ಅದೇ ಒದ್ದೆ. ಎರಡನೆಯ ಗ್ಯಾರೇಜಿನವನು ಅಡಿಯ ಚೇಂಬರಿನ ಪ್ಯಾಕಿಂಗ್ ಎಂದ. ಅದನ್ನು ಬಿಚ್ಚಿ ಸಿಲಿಕಾನ್ ಬಳಿದು ಕೂರಿಸಿದ. ಮತ್ತೆ ಅದೇ. ಮೂರನೆಯವನು, “ಹಳೆಯ ಗಾಡಿ, ದಪ್ಪ ಎಣ್ಣೆ ಹಾಕಿರಿ” ಎಂದ. ಹಾಕಿದೆವು. ಸ್ವಲ್ಪ ಕಡಿಮೆಯಾಯಿತು, ನಿಲ್ಲಲಿಲ್ಲ. ನಮ್ಮ ಗಲ್ಲಾದಲ್ಲಿ ಉಳಿದದ್ದು ಅಕ್ಕಿ ಬೇಳೆಗೆ ಸಾಲದಷ್ಟು ಹಣ.

ಇವರೆಲ್ಲ ಮೋಸಗಾರರೆಂದು ನಾನು ಹೇಳುವುದಿಲ್ಲ. ಅವರು ಒದ್ದೆಯಾದ ಜಾಗವನ್ನು ನೋಡಿ ಔಷಧ ಹೇಳಿದರು. ನಾವು ಹುಡುಗನಿಗೆ ಮಾಡಿದ್ದೂ ಅದನ್ನೇ. ಎಣ್ಣೆ ಅವನ ಕೈ ದಾಟಿ ಹೋಗುತ್ತಿತ್ತು, ಆದಕಾರಣ ಕಳ್ಳ ಅವನೇ ಎಂದೆವು.

ಆಗ ನಮಗೆ ದೊರೆತವರು ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು. ವಿಜಾಪುರ ಕಡೆಯವರು, ನಾವೆಲ್ಲ ಕಾಕಾ ಎನ್ನುತ್ತೇವೆ. ಅವರು ಮೊದಲು ಬಟ್ಟೆ ಗಿರಣಿಯಲ್ಲಿ ಯಂತ್ರಗಳಿಗೆ ಎಣ್ಣೆ ಹಾಕುವ ಕೆಲಸದಲ್ಲಿದ್ದವರು. 1982ರ ಜನವರಿ 18ಕ್ಕೆ ದತ್ತಾ ಸಾಮಂತರ ಮುಂದಾಳುತನದಲ್ಲಿ ಎರಡೂವರೆ ಲಕ್ಷದಷ್ಟು ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದರಲ್ಲ, ಅವರಲ್ಲಿ ಇವರೂ ಒಬ್ಬರು. ಮುಷ್ಕರದಿಂದ ಮರಳಿ ಗಿರಣಿಗೆ ಹೋಗಲಾಗಲಿಲ್ಲ. ಅನೇಕರಂತೆ ಕಲ್ಯಾಣಿಗೆ ಬಂದು, ಟ್ಯಾಕ್ಸಿ ಗ್ಯಾರೇಜಿನಲ್ಲಿ ಪಾನಾ ಹಿಡಿದರು.

ಕಪ್ಪು ಹಳದಿಯ ಆ ಟ್ಯಾಕ್ಸಿಗಳು ಯಾವುವೆಂದು ಹಳಬರಿಗೆ ಹೇಳಬೇಕಿಲ್ಲ. ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಕಂಪನಿ ಕುರ್ಲಾದಲ್ಲಿ ಕಟ್ಟುತ್ತಿದ್ದ ಫಿಯಟ್. 1974ರಿಂದ ಅದಕ್ಕೆ ಪದ್ಮಿನಿ ಎಂದು ಹೆಸರು. ಇದೇ ಕಂಪನಿ 1990ರ ದಶಕದಲ್ಲಿ ನಮ್ಮ ಕಲ್ಯಾಣ್-ಡೊಂಬಿವಲಿ ಬದಿಯ ಕಾರ್ಖಾನೆಯಲ್ಲಿ ಫ್ರಾನ್ಸಿನ ಪಿಜೊ ಕಾರನ್ನೂ ಕಟ್ಟಿತ್ತು. ಅದು ಬಹಳ ಕಾಲ ನಡೆಯಲಿಲ್ಲ. ಪದ್ಮಿನಿಯ ಕೊನೆಯ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ. ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ ಇದ್ದುದರಿಂದ 2023ರ ಅಕ್ಟೋಬರ್ 30ಕ್ಕೆ ಅವುಗಳ ಕಾಲ ಮುಗಿಯಿತು. ಆ ಹಳೆಯ ಇಂಜಿನುಗಳ ಸೋರಿಕೆಯಲ್ಲೇ ಕಾಕಾ ತಮ್ಮ ಅರ್ಧ ಆಯುಷ್ಯ ಕಳೆದವರು.

ಕಾಕಾ ಬಂದು ಗಾಡಿಯ ಅಡಿಗೆ ಹೋಗಲೇ ಇಲ್ಲ. ನಮ್ಮ ಬಾಕಿನ ಮೇಲೆ ಕೂತು ಚಹಾ ಕುಡಿದು ಹೇಳಿದರು: “ಎಣ್ಣಿ ತಾನಾಗಿ ಮ್ಯಾಲೆ ಹತ್ತಂಗಿಲ್ಲ ತಮ್ಮಾ. ತಳಗ ಇಳೀತೈತಿ, ಗಾಳಿಗೆ ಹಿಂದಕ್ಕ ಹೋಗ್ತೈತಿ. ಬಿದ್ದ ಜಾಗ ನೋಡಬ್ಯಾಡ. ಅದರ ಮ್ಯಾಲೆ ನೋಡು, ಮುಂದ ನೋಡು. ಎಲ್ಲಿಂದ ಹೊಂಟೈತಿ ಅದನ್ನ ಹಿಡಿ.”

ಅವರು ಹೇಳಿಕೊಟ್ಟ ಕ್ರಮವನ್ನು ಒಂದೊಂದಾಗಿ ಹೇಳುತ್ತೇನೆ. ನಿಮ್ಮಲ್ಲಿ ಅನೇಕರು ಈಗ ಹಳೆಯ ವ್ಯಾನು, ರಿಕ್ಷಾ, ಟೆಂಪೋ ನಡೆಸುತ್ತೀರಿ. ಉಪಯೋಗವಾದೀತು.

ಮೊದಲನೆಯದು, ಅಳತೆ. ಗಾಡಿಯನ್ನು ಮಟ್ಟಸ ಜಾಗದಲ್ಲಿ ನಿಲ್ಲಿಸಿ, ಇಂಜಿನು ಬಂದ್ ಮಾಡಿ, ಹತ್ತು ನಿಮಿಷ ಕಾಯಬೇಕು. ಮೇಲಿದ್ದ ಎಣ್ಣೆ ಕೆಳಗೆ ಇಳಿಯಲು ಅಷ್ಟು ಹೊತ್ತು ಬೇಕು. ಕಡ್ಡಿ ಎಳೆದು ಒರೆಸಿ, ಮತ್ತೆ ಪೂರಾ ಒಳಗೆ ಇಳಿಸಿ, ಮತ್ತೆ ಎಳೆದು ನೋಡಬೇಕು. ಎರಡು ಗೆರೆಗಳ ನಡುವೆ ಎಣ್ಣೆ ಇರಬೇಕು. ಮೇಲಿನ ಗೆರೆ ದಾಟಿ ತುಂಬಿಸಿದರೆ ಅದೂ ಕೇಡು. ಹೆಚ್ಚಾದ ಎಣ್ಣೆಯನ್ನು ಕ್ರ್ಯಾಂಕು ಕಡೆದು ನೊರೆ ಎಬ್ಬಿಸುತ್ತದೆ, ಸೀಲುಗಳ ಮೇಲೆ ಎಸೆಯುತ್ತದೆ. ನಾವು ಹೆದರಿಕೊಂಡು ಪ್ರತಿಸಲ ಗೆರೆ ಮೀರಿ ಹೊಯ್ಯುತ್ತಿದ್ದೆವು.

ಎರಡನೆಯದು, ತೊಳೆಯುವುದು. ಮಸಿ ಮೆತ್ತಿದ ಇಂಜಿನಿನಲ್ಲಿ ಸೋರಿಕೆ ಹುಡುಕುವುದು ಸಾಂಬಾರಿನ ಹಂಡೆಯಲ್ಲಿ ಉಪ್ಪಿನ ಹರಳು ಹುಡುಕಿದ ಹಾಗೆ. ಇಂಜಿನು ಪೂರ್ತಿ ತಣ್ಣಗಾದ ಮೇಲೆ, ಬ್ಯಾಟರಿಯ ತಂತಿ ಬಿಚ್ಚಿಟ್ಟು, ಡಿಸ್ಟ್ರಿಬ್ಯೂಟರು, ಡೈನಮೋ, ಕಾರ್ಬ್ಯುರೇಟರಿನ ಬಾಯಿ ಇವಕ್ಕೆ ಪ್ಲಾಸ್ಟಿಕ್ ಕಟ್ಟಿ, ಮಸಿ ಬಿಡಿಸುವ ದ್ರಾವಣ ಹಚ್ಚಿ, ಬ್ರಷ್ಷಿನಿಂದ ಉಜ್ಜಬೇಕು. ಪೆಟ್ರೋಲ್ ಹಾಕಿ ತೊಳೆಯಕೂಡದು. ಒಂದು ಕಿಡಿ ಬಿದ್ದರೆ ಮುಗಿಯಿತು. ಓಮ್ನಿಯ ಇಂಜಿನು ಎಲ್ಲಿದೆ ಎಂಬುದು ನಿಮಗೆ ಗೊತ್ತಲ್ಲ, ಮುಂದಿನ ಸೀಟಿನ ಅಡಿಯಲ್ಲಿ! ಸೀಟು ಎತ್ತಿ ನಾನೂ ಇನ್ನೊಬ್ಬರೂ ಒಂದು ಮಧ್ಯಾಹ್ನವೆಲ್ಲ ಉಜ್ಜಿದೆವು. ಮೋರಿಯಲ್ಲಿ ಪಾತ್ರೆ ಉಜ್ಜಿದ ಕೈ ಇದು. ತಳದ ಕರಿ ತೆಗೆಯುವುದು ನನಗೆ ಹೊಸದಲ್ಲ.

ಮೂರನೆಯದು, ಪೌಡರು. ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಸಾದಾ ಪೌಡರನ್ನು, ಬೆಲ್ಟು ಮತ್ತು ವಿದ್ಯುತ್ ತಂತಿಗಳ ಜಾಗ ಬಿಟ್ಟು, ಇಂಜಿನಿನ ಬದಿಗೂ ಹಿಂಬದಿಗೂ ತೆಳ್ಳಗೆ ಉದುರಿಸಿದರು. ಬಿಳಿಯ ಮೇಲೆ ಎಣ್ಣೆ ನಡೆದರೆ ಗೆರೆ ಕಾಣದೆ ಇರದು. ಇಂಜಿನು ಚಾಲೂ ಮಾಡಿ ನಿಂತಲ್ಲೇ ಹದಿನೈದು ನಿಮಿಷ ಬಿಟ್ಟರೆ ಏನೂ ಇಲ್ಲ. ಬ್ಯಾಟರಿ ದೀಪ ಹಿಡಿದು ನೋಡಿದ ನಾನು, “ಸೋರಿಕೆ ಇಲ್ಲ ಕಾಕಾ” ಎಂದೆ. ಅವರು, “ಕೂತವರಿಗೆ ಬೆವರು ಬರ್ತೈತೇನೋ? ಏರು ಹತ್ತಿಸು” ಎಂದರು. ಶಿಳ್ ಫಾಟಾ ದಾಟಿ ಏರು ಹತ್ತಿ ವಾಪಸು ಬಂದೆವು. ಸೀಟು ಎತ್ತಿದರೆ ಬಿಳಿ ಪೌಡರಿನ ಮೇಲೆ ಒಂದು ಕರಿ ಗೆರೆ! ಮೇಲಿಂದ, ಇಂಜಿನು ತಲೆಯ ಹಿಂದಿನ ತುದಿಯಲ್ಲಿ ಡಿಸ್ಟ್ರಿಬ್ಯೂಟರು ಕೂತ ಜಾಗದಿಂದ ಹೊರಟು, ಗಿಯರ್ ಬಾಕ್ಸು ಕೂಡುವ ಜಾಗದ ಮೇಲೆ ಇಳಿದು, ಅಲ್ಲಿಂದ ಅಡಿಗೆ ಹೋಗಿತ್ತು. ಹಿಂದಿನ ಕ್ರ್ಯಾಂಕ್ ಸೀಲೂ ಆ ಜಾಗದ ಒಳಗೇ ಇರುವುದರಿಂದ ಮೊದಲಿನ ಮಿಸ್ತ್ರಿ ಮೋಸ ಹೋದದ್ದು. ಟ್ಯಾಪೆಟ್ ಕವರಿನ ಹಿಂದಿನ ಮೂಲೆಯೂ ಜಿನುಗುತ್ತಿತ್ತು. ಇಳಿದ ಎಣ್ಣೆಯಲ್ಲಿ ಸ್ವಲ್ಪ ಬಿಸಿ ಸೈಲೆನ್ಸರ್ ಪೈಪಿಗೆ ಬಿದ್ದು ಸುಟ್ಟು ಹೋಗುತ್ತಿತ್ತು, ಉಳಿದದ್ದು ಗಾಳಿಗೆ ಗಾಡಿಯ ಹೊಟ್ಟೆಗೆಲ್ಲ ಹರಡುತ್ತಿತ್ತು. ಆದಕಾರಣವೇ ನಿಲ್ಲುವ ಜಾಗದಲ್ಲಿ ಎರಡೇ ಹನಿ. ಹುಡುಗನ ಮೇಲೆ ನಾವು ಹಿಡಿದ ಸಾಕ್ಷಿ ಅದೇ ಎರಡು ಹನಿ.

ನಾಲ್ಕನೆಯದು, ರಿಪೇರಿ. ಡಿಸ್ಟ್ರಿಬ್ಯೂಟರನ್ನು ಸಡಿಲಿಸುವ ಮೊದಲು ಅದು ಕೂತ ಜಾಗಕ್ಕೂ ಒಳಗಿನ ರೋಟರು ಮುಖ ಮಾಡಿದ ದಿಕ್ಕಿಗೂ ಗುರುತು ಹಾಕಬೇಕು. ಗುರುತಿಲ್ಲದೆ ತೆಗೆದು ಕೂರಿಸಿದರೆ ಕಿಡಿ ಹಾರುವ ಹೊತ್ತು ತಪ್ಪಿ, ಇಂಜಿನು ಚಾಲೂ ಆಗದು, ಆದರೂ ಎಳೆಯದು. ಅದರ ಕುತ್ತಿಗೆಯಲ್ಲಿ ಬಳೆಯಂಥ ಒಂದು ರಬ್ಬರ್ ಓ-ರಿಂಗ್ ಇರುತ್ತದೆ. ನಮ್ಮದು ಒಣಗಿ ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗಿ, ತೆಗೆಯುವಾಗ ಎರಡು ತುಂಡಾಯಿತು. ಹೊಸದರ ಬೆಲೆ ಮೂವತ್ತು ರೂಪಾಯಿ. ಟ್ಯಾಪೆಟ್ ಕವರಿನ ಪ್ಯಾಕಿಂಗನ್ನೂ ಬದಲಿಸಿದೆವು. ಹಳೆಯ ಪ್ಯಾಕಿಂಗಿನ ಚೂರು ಒಂದೂ ಉಳಿಯದಂತೆ ಕೆರೆದು ಒರೆಸಬೇಕು. ಬೋಲ್ಟುಗಳನ್ನು ಒಂದೇ ಕಡೆ ಬಿಗಿಯದೆ, ಸ್ವಲ್ಪ ಸ್ವಲ್ಪವಾಗಿ ಸಮನಾಗಿ ಬಿಗಿಯಬೇಕು. ಸೋರುತ್ತದೆ ಎಂದು ಕಸುವು ಹಾಕಿ ತಿರುವಿದರೆ ತಗಡಿನ ಕವರು ಬಾಗುತ್ತದೆ, ಸೋರಿಕೆ ಇಮ್ಮಡಿಯಾಗುತ್ತದೆ. ಕಂಡಲ್ಲೆಲ್ಲ ಸಿಲಿಕಾನ್ ಬಳಿಯುವುದೂ ಅಪಾಯ. ಒಳಗೆ ಉಳಿದ ಅದರ ಚೂರು ಕಳಚಿ ಎಣ್ಣೆ ಹೀರುವ ಜಾಲರಿಗೆ ಸಿಕ್ಕಿದರೆ ಇಂಜಿನಿಗೆ ಎಣ್ಣೆಯೇ ಏರದು.

ಎಂಟು ದಿನ ಗಾಡಿ ಒಣಗಿತ್ತು. ನಾವು ಪಾಯಸ ಮಾಡಿದೆವು. ಒಂಬತ್ತನೆಯ ದಿನ ಮತ್ತೆ ಎಣ್ಣೆ! ಅದೇ ಜಾಗದಲ್ಲಿ ಸ್ವಲ್ಪ, ಮುಂದಿನ ಪುಲ್ಲಿಯ ಬದಿಯಲ್ಲಿ ಹೊಸದಾಗಿ ಸ್ವಲ್ಪ. ನಮ್ಮವರು, “ಕಾಕಾ ಮುದುಕರಾದರು, ಗಾಡಿ ಮಾರಿಬಿಡೋಣ” ಎಂದರು. ಕಾಕಾ ಸಿಟ್ಟಾಗಲಿಲ್ಲ. “ಹೊಸಾ ರಿಂಗ್ ಎಂಟು ದಿನಕ್ಕ ಸೋತೈತಿ ಅಂದ್ರ ರಿಂಗಿನ ತಪ್ಪಲ್ಲ. ಒಳಗಿಂದ ಯಾವುದೋ ಅದನ್ನ ನೂಕಾಕತ್ತೈತಿ” ಎಂದರು.

ಇಂಜಿನು ನಿಧಾನವಾಗಿ ಓಡುತ್ತಿರುವಾಗ ಎಣ್ಣೆ ಹೊಯ್ಯುವ ಮುಚ್ಚಳವನ್ನು ಜೋಪಾನವಾಗಿ ತೆಗೆಸಿದರು. ಸ್ವಲ್ಪ ಎಣ್ಣೆ ಸಿಡಿಯುತ್ತದೆ, ಬಟ್ಟೆ ಹಿಡಿದಿರಬೇಕು. ಆ ಬಾಯಿಯ ಮೇಲೆ ನಾವು ಚಟ್ನಿ ಕಟ್ಟುವ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ ಇಟ್ಟರು. ಆರೋಗ್ಯದ ಇಂಜಿನಿನಲ್ಲಿ ಅದು ಸುಮ್ಮನೆ ಕೂರುತ್ತದೆ, ಇಲ್ಲವೆ ತುಸು ಒಳಗೆ ಎಳೆದುಕೊಳ್ಳುತ್ತದೆ. ನಮ್ಮದು ಪೂರಿಯ ಹಾಗೆ ಉಬ್ಬಿತು!

ಕಾರಣ ಇಷ್ಟೆ. ಪಿಸ್ಟನಿನ ಮೇಲೆ ಪೆಟ್ರೋಲು ಉರಿದಾಗ ಆಗುವ ಹೊಗೆಯಲ್ಲಿ ಸ್ವಲ್ಪ ಭಾಗ ರಿಂಗುಗಳ ಸಂದಿನಿಂದ ಕೆಳಗಿನ ಚೇಂಬರಿಗೆ ಇಳಿಯುತ್ತದೆ. ಹೊಸ ಇಂಜಿನಿನಲ್ಲೂ ಇಳಿಯುತ್ತದೆ, ಹಳೆಯದರಲ್ಲಿ ಹೆಚ್ಚು. ಅದು ಹೊರಗೆ ಹೋಗಲೆಂದು ಟ್ಯಾಪೆಟ್ ಕವರಿನಿಂದ ಏರ್ ಫಿಲ್ಟರಿಗೆ ಒಂದು ರಬ್ಬರ್ ನಳಿ ಇಟ್ಟಿರುತ್ತಾರೆ. ಬ್ರೀದರ್ ಪೈಪ್ ಎನ್ನುತ್ತಾರೆ. ಉಸಿರಾಡುವ ಮೂಗು ಎನ್ನಿ. ನಿಂತೇ ಹಳಸಿದ ನಮ್ಮ ಗಾಡಿಯಲ್ಲಿ ಆ ನಳಿ ಒಳಗೆ ಕುಸಿದು, ಮಸಿ ಮತ್ತು ಜಿಡ್ಡು ಗಟ್ಟಿಯಾಗಿ, ಬೆರಳಷ್ಟು ಬಾಯಿ ಸೂಜಿಯಷ್ಟಾಗಿತ್ತು. ಕುಕ್ಕರಿನ ಸೀಟಿಯ ತೂತಿಗೆ ಬೇಳೆ ಸಿಕ್ಕಿಕೊಂಡರೆ ಏನಾಗುತ್ತದೆಂದು ನಮ್ಮ ಅಡಿಗೆಯವರನ್ನು ಕೇಳಿರಿ. ಒತ್ತಡ ದಾರಿ ಹುಡುಕುತ್ತದೆ. ಎಲ್ಲಿ ದುರ್ಬಲವೋ ಅಲ್ಲಿಂದ ನುಗ್ಗುತ್ತದೆ. ಏರು ಹತ್ತುವಾಗ ಹೊಗೆ ಹೆಚ್ಚು, ಒತ್ತಡ ಹೆಚ್ಚು, ಸೋರಿಕೆ ಹೆಚ್ಚು. ಒಂದು ಸೀಲು ಬದಲಿಸಿದರೆ ಇನ್ನೊಂದು ಸೀಲಿನಿಂದ ಬರುತ್ತದೆ. ಸಾವಿರಗಟ್ಟಲೆ ಸುರಿದರೂ ನಿಲ್ಲದ ಸೋರಿಕೆಯ ಗುಟ್ಟು ಇದು.

ಹೊಸ ನಳಿ ಹಾಕಿದೆವು, ಅದು ಕೂಡುವ ಎರಡೂ ಬಾಯಿಗಳನ್ನು ಶುಚಿ ಮಾಡಿದೆವು, ಒತ್ತಡದಿಂದ ಸರಿದಿದ್ದ ಓ-ರಿಂಗನ್ನು ಮತ್ತೆ ಹೊಸತು ಹಾಕಿದೆವು. ಪ್ಲಾಸ್ಟಿಕ್ ಹಾಳೆ ಉಬ್ಬಲಿಲ್ಲ. ಒಂದು ತಿಂಗಳು ಪ್ರತಿ ಬೆಳಿಗ್ಗೆ ಕಡ್ಡಿ ನೋಡಿ ಪುಸ್ತಕದಲ್ಲಿ ಬರೆದೆವು. ಮೇಲೆ ಹೊಯ್ಯುವ ಪ್ರಸಂಗವೇ ಬರಲಿಲ್ಲ. ನಳಿ ಸರಿಮಾಡಿದ ಮೇಲೂ ಹಾಳೆ ಉಬ್ಬಿದರೆ, ನೀಲಿ ಹೊಗೆಯೂ ಇದ್ದರೆ, ರಿಂಗುಗಳೇ ಸವೆದಿರಬಹುದು. ಆಗ ಕಂಪ್ರೆಶನ್ ಪರೀಕ್ಷೆ ಮಾಡಿಸದೆ ಸೀಲುಗಳಿಗೆ ಹಣ ಹಾಕಬೇಡಿರಿ.

ಇನ್ನೊಂದು ಎಚ್ಚರಿಕೆ. ಎಣ್ಣೆ ಸೋರಿಕೆ ಬರೇ ಖರ್ಚಿನ ವಿಷಯವಲ್ಲ. ಕಾದ ಪೈಪಿನ ಮೇಲೆ ಬಿದ್ದ ಎಣ್ಣೆ ಬೆಂಕಿ ಹಿಡಿಯಬಹುದು. ಸುಟ್ಟ ಎಣ್ಣೆಯ ವಾಸನೆ ಬಂದರೆ ನಿಲ್ಲಿಸಿ ನೋಡಿರಿ. ಪೌಡರಿನ ಬೆಂಕಿ ನಂದಿಸುವ ಸಿಲಿಂಡರನ್ನು ಕೈಗೆ ಸಿಗುವಲ್ಲಿ ಇಡಿರಿ. ಎಣ್ಣೆಗೆ ಹತ್ತಿದ ಬೆಂಕಿಗೆ ನೀರು ಹಾಕಕೂಡದು, ಇದು ಬಾಣಲೆಯ ಮುಂದೆ ನಿಂತವರಿಗೆ ತಿಳಿದದ್ದೇ. ಓಡುತ್ತಿರುವಾಗ ಎಣ್ಣೆಯ ಕೆಂಪು ದೀಪ ಹತ್ತಿದರೆ, “ಇನ್ನು ಎರಡೇ ಮೈಲಿ” ಎನ್ನದೆ ಬದಿಗೆ ನಿಲ್ಲಿಸಿ ಇಂಜಿನು ಬಂದ್ ಮಾಡಿರಿ. ತೆಗೆದ ಹಳೆ ಎಣ್ಣೆಯನ್ನು ಗಟಾರಕ್ಕೆ ಚೆಲ್ಲಬೇಡಿರಿ. ಡಬ್ಬಿಯಲ್ಲಿ ತುಂಬಿಸಿ, ಹಳೆ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿರಿ.

ಗಾಡಿಯ ಕಥೆ ಮುಗಿಯಿತು. ಹುಡುಗನ ಕಥೆ ಉಳಿದಿದೆ.

ಕರಿ ಗೆರೆ ಸಿಕ್ಕಿದ ದಿನ ಕಾಕಾ ನನಗೊಂದು ಸಂಗತಿ ಹೇಳಿದ್ದರು. ಗಿರಣಿಯಲ್ಲಿ ಬಟ್ಟೆಗೆ ಎಣ್ಣೆ ಕಲೆ ಬಿದ್ದರೆ ಕೆಟ್ಟ ಬಟ್ಟೆಯನ್ನು ನೇಕಾರನ ತಲೆಗೆ ಕಟ್ಟಿ ಪಗಾರದಲ್ಲಿ ಮುರಿಯುತ್ತಿದ್ದ ಕಾಲವಿತ್ತಂತೆ. ಎಣ್ಣೆ ಬಿದ್ದದ್ದು ಮೇಲಿನ ಬೇರಿಂಗಿನಿಂದ. ದಂಡ ಕೆಳಗೆ ನಿಂತವನಿಗೆ. “ನಾವು ಅದಕ್ಕಽ ಜಗಳಾಡಿದ್ವಿ ತಮ್ಮಾ” ಎಂದು ಹೇಳಿ ಕಾಕಾ ಸುಮ್ಮನಾದರು. ಮುಂದಿನ ಮಾತು ಅವರು ಆಡಲಿಲ್ಲ. ಆಡಬೇಕಾಗಿಯೂ ಇರಲಿಲ್ಲ.

ಹೋಟೆಲಿನಲ್ಲಿ ಗ್ಲಾಸು ಒಡೆದರೆ, ಗಲ್ಲಾದಲ್ಲಿ ಲೆಕ್ಕ ತಪ್ಪಿದರೆ, ಮಾಣಿಯ ಪಗಾರಕ್ಕೆ ಕತ್ತರಿ. ಇದರ ವಿರುದ್ಧ ನಾನು ಎಷ್ಟು ಭಾಷಣ ಮಾಡಿದ್ದೇನೆ! 1936ರ ವೇತನ ಪಾವತಿ ಕಾನೂನಿನಲ್ಲೇ ಇತ್ತು: ನಷ್ಟವು ಆ ಕೆಲಸಗಾರನ ಅಲಕ್ಷ್ಯ ಅಥವಾ ತಪ್ಪಿನಿಂದಲೇ ನೇರವಾಗಿ ಆಗಿರಬೇಕು, ನಷ್ಟಕ್ಕಿಂತ ಹೆಚ್ಚು ಹಿಡಿಯಕೂಡದು, ಅವನಿಗೆ ತನ್ನ ಮಾತು ಹೇಳಲು ಅವಕಾಶ ಕೊಡದೆ ಮುರಿಯಲೇಕೂಡದು. 2019ರ ವೇತನ ಸಂಹಿತೆಯಲ್ಲೂ ಇದೇ ನಿಯಮವಿದೆ. ಇದನ್ನೆಲ್ಲ ಇತರರಿಗೆ ಓದಿ ಹೇಳಿದ ನಾನು, ನಾವೇ ಸೇಠರಾದ ಆರು ತಿಂಗಳಲ್ಲಿ ಒಬ್ಬ ಹುಡುಗನ ಹದಿನೈದು ದಿನದ ಅನ್ನ ಹಿಡಿದೆ. ಮಾತು ಕೇಳಿದೆವು ಎನ್ನಬಹುದು. ಕೇಳಿದ್ದು ಕಿವಿ ಮಾತ್ರ.

ಗಾಡಿ ಸರಿಯಾದ ಮರುದಿನ ವಾಶಿಗೆ ಹೋದೆ. ಹೋಟೆಲಿನ ಹಿಂಬದಿಯಲ್ಲಿ ಹುಡುಗ ತರಕಾರಿ ಚೀಲ ಇಳಿಸುತ್ತಿದ್ದ. ಹಿಡಿದ ಪಗಾರವನ್ನು ಕೈಗಿಟ್ಟು, “ತಪ್ಪಾಯಿತು ಮಾರಾಯಾ, ಕೀಲಿ ತೆಗೆದುಕೋ, ಬಾ” ಎಂದೆ. ಅವನು ಹಣ ಎಣಿಸದೆ ಕಿಸೆಗೆ ಹಾಕಿ, “ಕೀಲಿ ಬ್ಯಾಡ ಅಣ್ಣಾ. ಇಲ್ ಕೆಲ್ಸ ಇತ್. ಪುಸ್ತಕದಂಗ್ ಬರ್ದದ್ದ್ ಒಂದ್ ತೆಗೀನಿ” ಎಂದ. ಅದೇ ಊರಿನವರ ಬಾಯಿಂದ ಅವನ ಮನೆಗೂ ಸುದ್ದಿ ಮುಟ್ಟಿತ್ತು.

ಪುಸ್ತಕದಲ್ಲಿ ಬರೆದದ್ದನ್ನು ನಾವು ಹೊಡೆದು ಹಾಕಲಿಲ್ಲ. ಹೊಡೆದು ಹಾಕಿದರೆ ನಮ್ಮ ತಪ್ಪೂ ಮರೆಯಾದೀತು. ಅದರ ಕೆಳಗೇ, “ಮೇಲಿನ ಆರೋಪ ಸುಳ್ಳು. ಎಣ್ಣೆ ಇಂಜಿನಿನಿಂದ ಸೋರುತ್ತಿತ್ತು. ಪರೀಕ್ಷಿಸದೆ ಆರೋಪ ಹೊರಿಸಿದ್ದು ನಮ್ಮ ಅಪರಾಧ” ಎಂದು ಬರೆದು ಏಳು ಜನವೂ ಸಹಿ ಹಾಕಿದೆವು. ಅದರ ಒಂದು ಪ್ರತಿ ಅವನಿಗೆ ಕೊಟ್ಟೆವು, ಒಂದನ್ನು ಅವನ ತಾಯಿಯ ಹೆಸರಿಗೆ ಊರಿಗೆ ಕಳಿಸಿದೆವು. ಹುಡುಗ ನಮ್ಮಲ್ಲಿಗೆ ಕೆಲಸಕ್ಕೆ ಮರಳಲಿಲ್ಲ. ಸಂಘದ ವರ್ಗಣಿ ಮಾತ್ರ ತಪ್ಪದೆ ಕಳಿಸುತ್ತಾನೆ. ಅವನು ಬರಬೇಕಿತ್ತು ಎಂದು ನನಗೆ ಅನಿಸುತ್ತದೆ. ಬಾರದಿರುವುದು ಅವನ ಹಕ್ಕು ಎಂಬುದೂ ಗೊತ್ತಿದೆ.

ಅಂದಿನಿಂದ ನಮ್ಮ ಡಬ್ಬಾ ಅಡಿಗೆಮನೆಯಲ್ಲಿ ಎರಡು ನಿಯಮಗಳಿವೆ. ಒಂದು, ಗಾಡಿಯ ಎಣ್ಣೆಯನ್ನು ಪ್ರತಿ ಬೆಳಿಗ್ಗೆ ಇಬ್ಬರು ಒಟ್ಟಿಗೆ ನೋಡಿ ಪುಸ್ತಕದಲ್ಲಿ ಸಹಿ ಹಾಕತಕ್ಕದ್ದು. ಎರಡು, ಯಾವ ವಸ್ತು ಕಡಿಮೆ ಬಿದ್ದರೂ, ಅಕ್ಕಿಯಾಗಲಿ ಎಣ್ಣೆಯಾಗಲಿ ಹಣವಾಗಲಿ, ಮೊದಲು ದಾರಿಯನ್ನು ಒರೆಸಿ ಶುಚಿಮಾಡಿ ಮೇಲಿಂದ ನೋಡತಕ್ಕದ್ದು. ಅದು ಮುಗಿಯುವವರೆಗೆ ಯಾರ ಹೆಸರನ್ನೂ ಎತ್ತಕೂಡದು.

ಸಂಘದ ಮಿತ್ರರಲ್ಲಿ ನನ್ನ ವಿನಂತಿ ಇದೇ. ನಿಮ್ಮ ಹೋಟೆಲಿನಲ್ಲಿ, ಖಾತೆಯಲ್ಲಿ, ಯಾರ ಮೇಲಾದರೂ ಇಂಥ ಆರೋಪ ಬಂದಿದ್ದರೆ, ಪಗಾರ ಮುರಿದಿದ್ದರೆ, ಸಂಘದ ಕಚೇರಿಗೆ ಬಂದು ಹೇಳಿರಿ. ಆರೋಪ ಹೊರಿಸಿದವರು ನಮ್ಮವರೇ ಆದರೂ ಸಂಕೋಚ ಬೇಡ. ಹಳೆಯ ಗಾಡಿಯ ಸೋರಿಕೆಗೆ ಯಾರಿಗಾದರೂ ಸಹಾಯ ಬೇಕಿದ್ದರೆ ಅದಕ್ಕೂ ಬನ್ನಿರಿ. ಕಾಕಾ ಇಲ್ಲೇ ಎರಡನೆಯ ಸಾಲಿನಲ್ಲಿ ಕೂತಿದ್ದಾರೆ. ಚಹಾ ಮಾತ್ರ ನಿಮ್ಮ ಖರ್ಚು.